ನಡತೆಯ ಅಸ್ವಸ್ಥತೆ ಮತ್ತು ಮಿದುಳಿನ ಸಂಪರ್ಕಜಾಲ

ನಡತೆಯ ಅಸ್ವಸ್ಥತೆ ಎಂಬುದು ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ತೋರಿಬರುವ ಒಂದು ಮಾನಸಿಕ ಸಮಸ್ಯೆ. ಮನೋವೈದ್ಯಶಾಸ್ತ್ರದಲ್ಲಿ ಇದಕ್ಕೆ ಕಂಡಕ್ಟ್ ಡಿಸಾರ್ಡರ್ ಎಂಬ ಹೆಸರಿದೆ. ಇತರರ ಹಕ್ಕುಗಳನ್ನೂ ವಯಸ್ಸಿಗೆ ತಕ್ಕ ಸಾಮಾಜಿಕ ಕಟ್ಟಳೆಗಳನ್ನೂ ಪದೇ ಪದೇ, ಬಹುಕಾಲದವರೆಗೆ ಮೀರುವುದು ಇದರ ಮುಖ್ಯ ಲಕ್ಷಣ. ಈ ತೊಂದರೆಯುಳ್ಳ ಮಕ್ಕಳಲ್ಲಿ ಮಿದುಳಿನ ವಿವಿಧ ಭಾಗಗಳು ಒಂದರೊಡನೊಂದು ಹೇಗೆ ಸಂಪರ್ಕ ಹೊಂದಿವೆ, ಆ ಸಂಪರ್ಕಕ್ಕೂ ಅವರ ಕಲಿಕೆ, ಭಾವನೆ ಮತ್ತು ನಿರ್ಧಾರಶಕ್ತಿಗೂ ಏನು ಸಂಬಂಧ ಎಂಬ ಅಧ್ಯಯನವು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ವಿಸ್ತಾರವಾಗಿ ಬೆಳೆದಿದೆ.

ಈ ಅಧ್ಯಯನಗಳಲ್ಲಿ ಕಂಡುಬಂದ ವ್ಯತ್ಯಾಸಗಳು ಗುಂಪುಗಳ ಸರಾಸರಿಗೆ ಸಂಬಂಧಿಸಿದವು. ಅವುಗಳ ಪ್ರಮಾಣವೂ ಸಾಮಾನ್ಯವಾಗಿ ಚಿಕ್ಕದು. ಮಿದುಳಿನ ಚಿತ್ರವೊಂದನ್ನು ನೋಡಿ ಮಗುವಿನ ನಡತೆಯನ್ನು ನಿರ್ಣಯಿಸಲು ಇಂದಿಗೂ ಸಾಧ್ಯವಿಲ್ಲ. ಆದರೆ ಹೊರಗೆ ಒಂದೇ ಬಗೆಯಾಗಿ ಕಾಣುವ ದುರ್ನಡತೆಯ ಹಿಂದೆ ಬೇರೆ ಬೇರೆ ಕಾರಣಗಳಿರಬಹುದು, ಹಾಗಾಗಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ತಿದ್ದುವಿಕೆ ಫಲ ಕೊಡಲಾರದು ಎಂಬುದನ್ನು ಈ ಸಂಶೋಧನೆಗಳು ತೋರಿಸಿಕೊಟ್ಟಿವೆ.

ಲಕ್ಷಣಗಳು ಮತ್ತು ವರ್ಗೀಕರಣ

ಅಮೆರಿಕದ ಮನೋವೈದ್ಯಕೀಯ ಸಂಘವು 1980ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಈ ಹೆಸರು ಮೊದಲ ಬಾರಿಗೆ ಸ್ಥಾನ ಪಡೆಯಿತು. 2013ರಲ್ಲಿ ಹೊರಬಂದ ಐದನೆಯ ಆವೃತ್ತಿಯು 15 ಲಕ್ಷಣಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದೆ.

• ಜನರ ಮೇಲೆ ಅಥವಾ ಪ್ರಾಣಿಗಳ ಮೇಲೆ ಹಿಂಸೆ (7 ಲಕ್ಷಣಗಳು)
• ಆಸ್ತಿಪಾಸ್ತಿಗೆ ಹಾನಿ (2 ಲಕ್ಷಣಗಳು)
• ವಂಚನೆ ಅಥವಾ ಕಳವು (3 ಲಕ್ಷಣಗಳು)
• ನಿಯಮಗಳ ಗಂಭೀರ ಉಲ್ಲಂಘನೆ. ಉದಾಹರಣೆಗೆ ಮನೆ ಬಿಟ್ಟು ಓಡಿಹೋಗುವುದು, ಶಾಲೆ ತಪ್ಪಿಸುವುದು (3 ಲಕ್ಷಣಗಳು)

ಹಿಂದಿನ 12 ತಿಂಗಳಲ್ಲಿ ಇವುಗಳಲ್ಲಿ ಕನಿಷ್ಠ ಮೂರು, ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಒಂದು ಲಕ್ಷಣ ಕಂಡುಬಂದಿದ್ದು, ಅದರಿಂದ ಮಗುವಿನ ಓದು ಅಥವಾ ಸಾಮಾಜಿಕ ಜೀವನಕ್ಕೆ ಗಣನೀಯ ಧಕ್ಕೆಯಾಗಿದ್ದರೆ ಮಾತ್ರ ಈ ಹೆಸರನ್ನು ಬಳಸಬಹುದು. ಸಾಮಾನ್ಯ ತುಂಟತನ, ಹಟಮಾರಿತನ, ಒಮ್ಮೆ ನಡೆದ ಜಗಳ ಅಥವಾ ಸುಳ್ಳು ಇದರ ವ್ಯಾಪ್ತಿಗೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿಯೂ ಈ ಸಮಸ್ಯೆಗೆ ಪ್ರತ್ಯೇಕ ಸ್ಥಾನವಿದೆ.

ಹತ್ತನೆಯ ವಯಸ್ಸಿಗೆ ಮೊದಲೇ ಒಂದಾದರೂ ಲಕ್ಷಣ ತೋರಿದರೆ ಅದನ್ನು ಬಾಲ್ಯದಲ್ಲಿ ಆರಂಭವಾದ ಬಗೆ ಎಂದೂ, ಅನಂತರ ತೋರಿದರೆ ಹದಿಹರೆಯದಲ್ಲಿ ಆರಂಭವಾದ ಬಗೆ ಎಂದೂ ಗುರುತಿಸುತ್ತಾರೆ. ಇದಲ್ಲದೆ, ಕೆಲವು ಮಕ್ಕಳಲ್ಲಿ ಪಶ್ಚಾತ್ತಾಪವಿಲ್ಲದಿರುವುದು, ಪರರ ನೋವಿಗೆ ಮರುಗದಿರುವುದು, ತಮ್ಮ ಓದು ಅಥವಾ ಕೆಲಸದ ಬಗ್ಗೆ ಕಾಳಜಿಯಿಲ್ಲದಿರುವುದು, ಭಾವನೆಗಳು ತೀರ ಮೇಲುಮೇಲಿನವಾಗಿರುವುದು ಎಂಬ ನಾಲ್ಕು ಗುಣಗಳಲ್ಲಿ ಎರಡಾದರೂ ನೆಲೆಗೊಂಡಿರುತ್ತವೆ. ಇವನ್ನು ಒಟ್ಟಾಗಿ ನಿಷ್ಕರುಣ ಗುಣಗಳು ಎನ್ನಬಹುದು. ಮಿದುಳಿನ ಸಂಶೋಧನೆಯಲ್ಲಿ ಈ ಉಪವಿಭಾಗಕ್ಕೆ ವಿಶೇಷ ಮಹತ್ವವಿದೆ.

ನಡತೆಯ ಅಸ್ವಸ್ಥತೆಯು ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚಾಗಿ ವರದಿಯಾಗುತ್ತದೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಅಸ್ವಸ್ಥತೆ (ಎಡಿಎಚ್‌ಡಿ), ಖಿನ್ನತೆ, ಆತಂಕ, ಕಲಿಕೆಯ ತೊಂದರೆ ಮತ್ತು ಮಾದಕ ವಸ್ತುಗಳ ಬಳಕೆ ಇದರೊಂದಿಗೆ ಕೂಡಿಬರುವುದು ಸಾಮಾನ್ಯ.

ಅಧ್ಯಯನದ ಹಿನ್ನೆಲೆ

ಮಕ್ಕಳ ದುರ್ನಡತೆಗೆ ಕಾರಣ ಹುಡುಕುವ ಪ್ರಯತ್ನ ಮಿದುಳಿನ ಚಿತ್ರಣಕ್ಕಿಂತ ಬಹಳ ಹಳೆಯದು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1944ರಲ್ಲಿ ಕಳವಿನ ಚಟವಿದ್ದ 44 ಮಕ್ಕಳ ಅಧ್ಯಯನವನ್ನು ಪ್ರಕಟಿಸಿ, ಎಳವೆಯಲ್ಲಿ ತಾಯಿಯಿಂದ ದೀರ್ಘಕಾಲ ಅಗಲಿರುವುದಕ್ಕೂ ಇಂಥ ನಡತೆಗೂ ಸಂಬಂಧವಿದೆಯೆಂದು ವಾದಿಸಿದರು. ಅಮೆರಿಕದ ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ಅವರು ಸೇಂಟ್ ಲೂಯಿಸ್ ನಗರದ ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಬಂದಿದ್ದ ಐನೂರಕ್ಕೂ ಹೆಚ್ಚು ಮಕ್ಕಳ ಜೀವನವನ್ನು ಮೂವತ್ತು ವರ್ಷಗಳ ಅನಂತರ ಪರಿಶೀಲಿಸಿ, 1966ರಲ್ಲಿ ಗ್ರಂಥವೊಂದನ್ನು ಹೊರತಂದರು. ಸಮಾಜವಿರೋಧಿ ನಡತೆಯುಳ್ಳ ವಯಸ್ಕರಲ್ಲಿ ಬಹುತೇಕ ಎಲ್ಲರೂ ಬಾಲ್ಯದಲ್ಲಿಯೂ ಹಾಗೆಯೇ ಇದ್ದವರು; ಆದರೆ ಬಾಲ್ಯದಲ್ಲಿ ಹಾಗಿದ್ದವರಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಹಾಗೆ ಉಳಿಯುವುದಿಲ್ಲ ಎಂಬುದು ಅವರ ಅಧ್ಯಯನದಿಂದ ಹೊರಟ ಮುಖ್ಯ ತಿಳಿವಳಿಕೆ.

ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವು ಈ ಕ್ಷೇತ್ರದ ಮತ್ತೊಂದು ಆಧಾರಸ್ತಂಭ. ಅದರಲ್ಲಿ ತೊಡಗಿದ್ದ ಮನೋವಿಜ್ಞಾನಿ ಟೆರಿ ಮಾಫಿಟ್ 1993ರಲ್ಲಿ ಎರಡು ಹಾದಿಗಳ ಸಿದ್ಧಾಂತವನ್ನು ಮಂಡಿಸಿದರು. ಒಂದು, ನರವ್ಯವಸ್ಥೆಯ ಸೂಕ್ಷ್ಮ ಕೊರತೆಗಳು ಮತ್ತು ಪ್ರತಿಕೂಲ ಪರಿಸರ ಕೂಡಿದಾಗ ಬಾಲ್ಯದಲ್ಲೇ ತೊಡಗಿ ಬದುಕಿನುದ್ದಕ್ಕೂ ಮುಂದುವರಿಯುವ ಹಾದಿ. ಇನ್ನೊಂದು, ಗೆಳೆಯರ ಪ್ರಭಾವದಿಂದ ಹದಿಹರೆಯದಲ್ಲಿ ಹುಟ್ಟಿ ಅದರೊಂದಿಗೇ ಅಳಿಯುವ ಹಾದಿ. ಈ ವಿಭಜನೆ ಮೇಲ್ನೋಟಕ್ಕೆ ತೋರುವಷ್ಟು ಖಚಿತವಲ್ಲ. ಗ್ರೇಮ್ ಫೇರ್‌ಚೈಲ್ಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿಹರೆಯದಲ್ಲಿ ತೊಂದರೆ ಆರಂಭವಾದವರಲ್ಲಿಯೂ ಮಿದುಳಿನ ರಚನೆಯ ವ್ಯತ್ಯಾಸಗಳು ಕಂಡುಬಂದವು.

ಸಂಪರ್ಕಜಾಲದ ಪರಿಕಲ್ಪನೆ

ಮಿದುಳಿನ ಯಾವ ಭಾಗವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಭಾಗಗಳ ನಡುವಿನ ಸಂಪರ್ಕವನ್ನು ವಿಜ್ಞಾನಿಗಳು ಎರಡು ರೀತಿಯಲ್ಲಿ ಅಳೆಯುತ್ತಾರೆ. ಮೊದಲನೆಯದು ರಚನಾತ್ಮಕ ಸಂಪರ್ಕ. ನರಕೋಶಗಳಿಂದ ಹೊರಟ ಉದ್ದನೆಯ ತಂತುಗಳು ಕಟ್ಟುಕಟ್ಟಾಗಿ ಸೇರಿ ಮಿದುಳಿನ ಬಿಳಿ ದ್ರವ್ಯವಾಗುತ್ತವೆ. ಈ ತಂತುಗಳ ಗುಂಟ ನೀರಿನ ಅಣುಗಳು ಹರಡುವ ದಿಕ್ಕನ್ನು ವಿಶೇಷ ಎಂಆರ್‌ಐ ವಿಧಾನದಿಂದ ಅಳೆದು ಅವುಗಳ ಸ್ಥಿತಿಯನ್ನು ಅಂದಾಜು ಮಾಡುತ್ತಾರೆ.

ಎರಡನೆಯದು ಕಾರ್ಯಾತ್ಮಕ ಸಂಪರ್ಕ. ಇಲ್ಲಿ ಮಿದುಳಿನ ಭಾಗಗಳ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಏರಿಳಿಯುವುದನ್ನು ಗಮನಿಸಲಾಗುತ್ತದೆ. ಎರಡು ಭಾಗಗಳಲ್ಲಿ ಈ ಏರಿಳಿತ ಜೊತೆಜೊತೆಯಾಗಿ ನಡೆದರೆ ಅವು ಒಂದೇ ಜಾಲಕ್ಕೆ ಸೇರಿವೆಯೆಂದು ಊಹಿಸುತ್ತಾರೆ. ರಚನಾತ್ಮಕ ಸಂಪರ್ಕವನ್ನು ಊರುಗಳ ನಡುವಿನ ರಸ್ತೆಗೆ ಹೋಲಿಸಿದರೆ, ಕಾರ್ಯಾತ್ಮಕ ಸಂಪರ್ಕವು ಎರಡು ಊರುಗಳ ಸಂತೆಯಲ್ಲಿ ಒಂದೇ ಹೊತ್ತಿಗೆ ಜನಸಂದಣಿ ಏರಿ ಇಳಿಯುವುದನ್ನು ಕಂಡು, ಅವುಗಳ ನಡುವೆ ವ್ಯವಹಾರವಿದೆಯೆಂದು ತಿಳಿಯುವಂಥದು. ಎರಡನೆಯದು ಊಹೆಯಾದುದರಿಂದ ಅದಕ್ಕೆ ಅದರದೇ ಮಿತಿಗಳಿವೆ.

ಬಾಲ್ಯದಿಂದ ಯೌವನದವರೆಗೆ ಈ ಜಾಲಗಳು ಬದಲಾಗುತ್ತಲೇ ಇರುತ್ತವೆ. ಬಳಕೆಯಾಗದ ಸಂಪರ್ಕಗಳು ಕಳಚಿಕೊಳ್ಳುತ್ತವೆ. ಬಳಕೆಯಲ್ಲಿರುವ ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬಲಗೊಂಡು ಸಂದೇಶಗಳ ವೇಗ ಹೆಚ್ಚುತ್ತದೆ. ಯೋಜನೆ, ಸಂಯಮ ಮತ್ತು ವಿವೇಚನೆಗೆ ಸಂಬಂಧಿಸಿದ, ಹಣೆಯ ಹಿಂಬದಿಯಲ್ಲಿರುವ ಪ್ರಿಫ್ರಾಂಟಲ್ ಕಾರ್ಟೆಕ್ಸ್ ಎಲ್ಲಕ್ಕಿಂತ ತಡವಾಗಿ ಬಲಿಯುವ ಭಾಗಗಳಲ್ಲಿ ಒಂದು. ಅದರ ಬೆಳವಣಿಗೆ ಇಪ್ಪತ್ತರ ದಶಕದ ನಡುಭಾಗದವರೆಗೂ ಮುಂದುವರಿಯುತ್ತದೆ.

ಮಿದುಳಿನ ಬಗೆಗಿನ ಸಂಶೋಧನೆಗಳು

ಅಮಿಗ್ಡಲ ಮತ್ತು ಭಾವನೆಗಳ ಗುರುತಿಸುವಿಕೆ

ಅಮಿಗ್ಡಲವು ಮಿದುಳಿನ ಒಳಭಾಗದಲ್ಲಿರುವ, ಬಾದಾಮಿಯಾಕಾರದ ಒಂದು ಚಿಕ್ಕ ಭಾಗ. ಅಪಾಯವನ್ನು ಗುರುತಿಸುವುದರಲ್ಲಿ ಮತ್ತು ಎದುರಿನವರ ಮುಖದ ಮೇಲಿನ ಭಯವನ್ನು ಓದುವುದರಲ್ಲಿ ಇದರ ಪಾತ್ರ ದೊಡ್ಡದು. ನಡತೆಯ ತೊಂದರೆಯ ಜೊತೆಗೆ ನಿಷ್ಕರುಣ ಗುಣಗಳೂ ಇರುವ ಮಕ್ಕಳಿಗೆ ಭಯಗೊಂಡ ಮುಖಗಳ ಚಿತ್ರ ತೋರಿಸಿದಾಗ ಅಮಿಗ್ಡಲದ ಪ್ರತಿಕ್ರಿಯೆ ಕಡಿಮೆಯಾಗಿರುವುದು 2008 ಮತ್ತು 2009ರಲ್ಲಿ ಪ್ರಕಟವಾದ ಎರಡು ಪ್ರತ್ಯೇಕ ಅಧ್ಯಯನಗಳಲ್ಲಿ ಕಂಡುಬಂದಿತು. ಅಬಿಗೈಲ್ ಮಾರ್ಷ್, ಜೇಮ್ಸ್ ಬ್ಲೇರ್ ಮತ್ತು ಸಂಗಡಿಗರು ನಡೆಸಿದ ಮೊದಲನೆಯದರಲ್ಲಿ ಅಮಿಗ್ಡಲಕ್ಕೂ ಪ್ರಿಫ್ರಾಂಟಲ್ ಕಾರ್ಟೆಕ್ಸಿನ ಕೆಳ ಒಳಭಾಗಕ್ಕೂ ನಡುವಿನ ಕಾರ್ಯಾತ್ಮಕ ಸಂಪರ್ಕವೂ ದುರ್ಬಲವಾಗಿತ್ತು. ಪರರ ಸಂಕಟದ ಅರಿವು ನಿರ್ಧಾರ ಕೈಗೊಳ್ಳುವ ಭಾಗವನ್ನು ಸರಿಯಾಗಿ ತಲುಪದಿರುವುದನ್ನು ಇದು ಸೂಚಿಸಬಹುದು.

ಲಂಡನ್ನಿನ ಎಸ್ಸಿ ವೈಡಿಂಗ್ ಮತ್ತು ಸಂಗಡಿಗರ 2012ರ ಅಧ್ಯಯನವು ಇನ್ನೂ ಸ್ಪಷ್ಟವಾದ ಭೇದವನ್ನು ತೋರಿಸಿತು. ಪ್ರಜ್ಞೆಗೆ ಬಾರದಷ್ಟು ಕ್ಷಣಿಕವಾಗಿ ಭಯದ ಮುಖಗಳನ್ನು ತೋರಿಸಿದಾಗ, ನಿಷ್ಕರುಣ ಗುಣಗಳು ಹೆಚ್ಚಿರುವ ಮಕ್ಕಳಿಗಿಂತ ಅವು ಕಡಿಮೆಯಿರುವ ಮಕ್ಕಳಲ್ಲಿ ಅಮಿಗ್ಡಲದ ಪ್ರತಿಕ್ರಿಯೆ ಹೆಚ್ಚಾಗಿತ್ತು. ಎರಡೂ ಗುಂಪಿನ ಮಕ್ಕಳ ನಡತೆಯ ತೊಂದರೆ ಹೊರನೋಟಕ್ಕೆ ಒಂದೇ. ಆದರೆ ಒಂದು ಗುಂಪಿನವರು ಅಪಾಯದ ಸೂಚನೆಗೆ ಮಿತಿಮೀರಿ ಸ್ಪಂದಿಸಿ ಸಿಡಿಯುವವರು, ಇನ್ನೊಂದು ಗುಂಪಿನವರು ಪರರ ಭಯಕ್ಕೆ ತಕ್ಕಷ್ಟು ಸ್ಪಂದಿಸದವರು ಎಂದು ಇದನ್ನು ಅರ್ಥೈಸಲಾಗಿದೆ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿ ಸರಾಸರಿ ತೆಗೆದರೆ ಇಬ್ಬರ ಸ್ಥಿತಿಯೂ ಮರೆಯಾಗುತ್ತದೆ.

ಬಿಳಿ ದ್ರವ್ಯದ ತಂತುಗಳು

ಅಮಿಗ್ಡಲದ ಸುತ್ತಲಿನ ಪ್ರದೇಶವನ್ನು ಪ್ರಿಫ್ರಾಂಟಲ್ ಕಾರ್ಟೆಕ್ಸಿನ ಕೆಳಭಾಗದೊಂದಿಗೆ ಜೋಡಿಸುವ ಕೊಕ್ಕೆಯಾಕಾರದ ತಂತುಗಳ ಕಟ್ಟಿಗೆ ಅನ್ಸಿನೇಟ್ ಫ್ಯಾಸಿಕ್ಯುಲಸ್ ಎಂದು ಹೆಸರು. ಸಮಾಜವಿರೋಧಿ ಸ್ವಭಾವದ ವಯಸ್ಕರಲ್ಲಿ ಈ ಕಟ್ಟು ದುರ್ಬಲವಾಗಿರುವ ಸೂಚನೆಗಳು ದೊರೆತಿದ್ದವು. ಆದರೆ ಹದಿಹರೆಯದವರಲ್ಲಿ ನಡೆಸಿದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಬಂದಿತು. ಈ ತಂತುಗಳು ವಯಸ್ಸಿಗಿಂತ ಮೊದಲೇ ಬಲಿತಿರಬಹುದು ಎಂಬುದು ಅದಕ್ಕೆ ಕೊಟ್ಟಿರುವ ವಿವರಣೆಗಳಲ್ಲಿ ಒಂದು. ಮಿದುಳಿನ ಎಡಬಲ ಭಾಗಗಳನ್ನು ಕೂಡಿಸುವ ಕಾರ್ಪಸ್ ಕೆಲೋಸಮ್ ಎಂಬ ದಪ್ಪ ಪಟ್ಟಿಯಲ್ಲಿಯೂ ವ್ಯತ್ಯಾಸಗಳು ವರದಿಯಾಗಿವೆ. ವಯಸ್ಸು, ಲಿಂಗ ಮತ್ತು ಜೊತೆಗಿರುವ ಇತರ ತೊಂದರೆಗಳಿಗೆ ಅನುಗುಣವಾಗಿ ಫಲಿತಾಂಶಗಳು ಬದಲಾಗುವುದರಿಂದ ಈ ವಿಷಯದಲ್ಲಿ ಒಮ್ಮತ ಮೂಡಿಲ್ಲ.

ವಿಶ್ರಾಂತ ಸ್ಥಿತಿಯ ಜಾಲಗಳು

ಯಾವ ನಿರ್ದಿಷ್ಟ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿರುವಾಗ ಮಿದುಳಿನಲ್ಲಿ ಚುರುಕಾಗುವ ಒಂದು ಜಾಲವನ್ನು ಡೀಫಾಲ್ಟ್ ಮೋಡ್ ಜಾಲ ಎನ್ನುತ್ತಾರೆ. ತನ್ನ ಬಗೆಗಿನ ಯೋಚನೆ, ನೆನಪು, ಮತ್ತೊಬ್ಬರ ಮನಸ್ಸಿನಲ್ಲಿರುವುದನ್ನು ಊಹಿಸುವುದು ಇವು ಈ ಜಾಲದೊಂದಿಗೆ ಸಂಬಂಧ ಹೊಂದಿವೆ. ನಡತೆಯ ಅಸ್ವಸ್ಥತೆಯುಳ್ಳ ಹದಿಹರೆಯದವರಲ್ಲಿ ಈ ಜಾಲದ ಭಾಗಗಳ ನಡುವಣ ಸಂಪರ್ಕ ಕಡಿಮೆಯಾಗಿರುವುದನ್ನು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ವರದಿ ಮಾಡಿತು. ಮುಖ್ಯವಾದುದನ್ನು ಆರಿಸಿ ಗಮನ ಹರಿಸುವ ಜಾಲ ಹಾಗೂ ಸಂಯಮ ಮತ್ತು ಯೋಜನೆಗೆ ಸಂಬಂಧಿಸಿದ ಜಾಲ ಇವುಗಳ ಮೇಲೂ ಸಂಶೋಧನೆ ನಡೆಯುತ್ತಿದೆ. ಅಮೆರಿಕದಲ್ಲಿ ಒಂಬತ್ತು–ಹತ್ತು ವರ್ಷದ 11,800ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಹಲವು ವರ್ಷಗಳ ಕಾಲ ಅವರ ಬೆಳವಣಿಗೆಯನ್ನು ಗಮನಿಸುತ್ತಿರುವ ಎಬಿಸಿಡಿ ಅಧ್ಯಯನವು ಇಂಥ ಸಂಶೋಧನೆಗೆ ದೊಡ್ಡ ಮಾಹಿತಿಯ ಆಕರವಾಗಿದೆ.

ಮಿದುಳಿನ ರಚನೆ

ಜ್ಯಾಕ್ ರೋಜರ್ಸ್ ಮತ್ತು ಸ್ಟೆಫಾನ್ ಡಿ ಬ್ರಿಟೊ 2016ರಲ್ಲಿ 13 ಅಧ್ಯಯನಗಳನ್ನು ಒಟ್ಟುಗೂಡಿಸಿ, ನಡತೆಯ ತೊಂದರೆಯುಳ್ಳ 394 ಕಿರಿಯರನ್ನು 350 ಇತರ ಕಿರಿಯರೊಂದಿಗೆ ಹೋಲಿಸಿದರು. ಅಮಿಗ್ಡಲ, ಇನ್ಸುಲ ಮತ್ತು ಮುಂಭಾಗದ ಒಳಮೈಯಲ್ಲಿ ಬೂದು ದ್ರವ್ಯ ಕಡಿಮೆಯಿರುವುದು ಅದರಲ್ಲಿ ಕಂಡುಬಂದಿತು. 2024ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಸಹಯೋಗವು ಈ ಬಗೆಯ ಅತಿ ದೊಡ್ಡ ವಿಶ್ಲೇಷಣೆಯನ್ನು ಪ್ರಕಟಿಸಿತು. ನಡತೆಯ ಅಸ್ವಸ್ಥತೆಯುಳ್ಳ 1,185 ಮತ್ತು ಇಲ್ಲದ 1,253 ಕಿರಿಯರ ಚಿತ್ರಗಳನ್ನು ಹೋಲಿಸಿದಾಗ, ಮಿದುಳಿನ ಹೊರಪದರದ ಒಟ್ಟು ವಿಸ್ತೀರ್ಣವು ಮೊದಲ ಗುಂಪಿನಲ್ಲಿ ಕಡಿಮೆಯಿತ್ತು. ಅಮಿಗ್ಡಲ, ಹಿಪ್ಪೊಕ್ಯಾಂಪಸ್, ಥಲಾಮಸ್ ಮುಂತಾದ ಒಳಭಾಗಗಳ ಗಾತ್ರವೂ ಚಿಕ್ಕದಾಗಿತ್ತು. ವ್ಯತ್ಯಾಸಗಳು ವ್ಯಾಪಕವಾಗಿದ್ದರೂ ಪ್ರಮಾಣದಲ್ಲಿ ಸಣ್ಣವು.

ಅರಿವಿನ ಸಾಮರ್ಥ್ಯಗಳು

ಭಾಷಾ ಸಾಮರ್ಥ್ಯ: ನಡತೆಯ ತೊಂದರೆ ದೀರ್ಘಕಾಲ ಉಳಿಯುವ ಮಕ್ಕಳಲ್ಲಿ ಸರಾಸರಿ ಬುದ್ಧಿಮಾಪನ ಅಂಕ, ಅದರಲ್ಲಿಯೂ ಭಾಷೆಗೆ ಸಂಬಂಧಿಸಿದ ಅಂಕ, ಇತರ ಮಕ್ಕಳಿಗಿಂತ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಸ್ಥಿರಪಟ್ಟಿದೆ. ದಡ್ಡ ಮಕ್ಕಳು ಸುಲಭವಾಗಿ ಸಿಕ್ಕಿಬೀಳುವುದರಿಂದ ಹೀಗೆ ತೋರುತ್ತದೆ ಎಂಬ ವಾದವೂ ಇತ್ತು. ಡನೀಡಿನ್ ಅಧ್ಯಯನದ ಮಾಫಿಟ್ ಮತ್ತು ಫಿಲ್ ಸಿಲ್ವ 1988ರಲ್ಲಿ ಇದನ್ನು ಪರೀಕ್ಷಿಸಿ, ಪೊಲೀಸರ ಗಮನಕ್ಕೆ ಬಾರದ ತಪ್ಪಿತಸ್ಥರ ಅಂಕಗಳೂ ಅಷ್ಟೇ ಕಡಿಮೆಯಿರುವುದನ್ನು ತೋರಿಸಿದರು. ತನ್ನ ಸಿಟ್ಟನ್ನೂ ಅವಮಾನವನ್ನೂ ಮಾತಿನಲ್ಲಿ ಹೇಳಲಾರದ ಮಗು ಅದನ್ನು ಕೈಯಿಂದ ತೋರಿಸುವ ಸಂಭವ ಹೆಚ್ಚು. ಪಾಠ ಅರ್ಥವಾಗದೆ ಹಿಂದೆ ಬೀಳುವುದು, ಅದರಿಂದ ಶಾಲೆಯ ಮೇಲೆ ಜಿಗುಪ್ಸೆ ಹುಟ್ಟುವುದು ತೊಂದರೆಯನ್ನು ಇನ್ನಷ್ಟು ಬೆಳೆಸುತ್ತದೆ.

ನಿರ್ವಹಣಾ ಸಾಮರ್ಥ್ಯ: ತಕ್ಷಣದ ಪ್ರಚೋದನೆಯನ್ನು ತಡೆಹಿಡಿಯುವುದು, ವಿಷಯಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಯೋಚಿಸುವುದು, ಸನ್ನಿವೇಶ ಬದಲಾದಾಗ ಕ್ರಮವನ್ನು ಬದಲಿಸುವುದು ಇವನ್ನು ನಿರ್ವಹಣಾ ಸಾಮರ್ಥ್ಯಗಳೆನ್ನುತ್ತಾರೆ. ನರವಿಜ್ಞಾನಿ ಕಾಟ್ಯ ರೂಬಿಯ 2011ರ ಲೇಖನವೊಂದರಲ್ಲಿ, ಭಾವನೆಯ ಸೋಂಕಿಲ್ಲದ ಇಂಥ ಸಾಮರ್ಥ್ಯಗಳ ಕೊರತೆ ಮುಖ್ಯವಾಗಿ ಎಡಿಎಚ್‌ಡಿಗೂ, ಭಾವನೆ ಮತ್ತು ಪ್ರೇರಣೆ ಬೆರೆತ ಸಾಮರ್ಥ್ಯಗಳ ಕೊರತೆ ನಡತೆಯ ಅಸ್ವಸ್ಥತೆಗೂ ಹೆಚ್ಚು ಸಂಬಂಧಿಸಿದ್ದು ಎಂದು ಪ್ರತಿಪಾದಿಸಿದರು.

ಶಿಕ್ಷೆ ಮತ್ತು ಬಹುಮಾನದಿಂದ ಕಲಿಯುವುದು: ಒಂದು ಆಯ್ಕೆಯಿಂದ ಲಾಭವೋ ನಷ್ಟವೋ ಎಂಬುದನ್ನು ಅನುಭವದಿಂದ ಕಲಿತು ಮುಂದಿನ ಆಯ್ಕೆಯನ್ನು ತಿದ್ದಿಕೊಳ್ಳಬೇಕಾದ ಪ್ರಯೋಗಗಳಲ್ಲಿ, ನಡತೆಯ ತೊಂದರೆಯೊಂದಿಗೆ ನಿಷ್ಕರುಣ ಗುಣಗಳಿರುವ ಕಿರಿಯರ ಮಿದುಳಿನ ಸಂಬಂಧಿತ ಭಾಗಗಳು ನಿರೀಕ್ಷಿತ ರೀತಿಯಲ್ಲಿ ಸ್ಪಂದಿಸಲಿಲ್ಲ. ಮತ್ತೆ ಮತ್ತೆ ಶಿಕ್ಷೆಗೆ ಒಳಗಾದರೂ ಅದೇ ತಪ್ಪನ್ನು ಮಾಡುವುದಕ್ಕೆ ಕೇವಲ ಮೊಂಡುತನವೇ ಕಾರಣವಲ್ಲ, ಶಿಕ್ಷೆಯಿಂದ ಕಲಿಯುವ ಪ್ರಕ್ರಿಯೆಯೇ ದುರ್ಬಲವಾಗಿರಬಹುದು ಎಂಬ ಸೂಚನೆ ಇದರಲ್ಲಿದೆ.

ಕಾರಣಗಳು

ನಡತೆಯ ಅಸ್ವಸ್ಥತೆಗೆ ಏಕೈಕ ಕಾರಣವಿಲ್ಲ. ಆನುವಂಶಿಕತೆ, ಗರ್ಭಾವಸ್ಥೆಯಲ್ಲಿ ತಾಯಿಯ ಧೂಮಪಾನ ಮತ್ತು ಮದ್ಯಪಾನ, ಸೀಸದ ಸಂಪರ್ಕ, ಬಡತನ, ಮನೆಯೊಳಗಿನ ಹಿಂಸೆ, ನಿರ್ಲಕ್ಷ್ಯ, ಕಠೋರವೂ ಅಸ್ಥಿರವೂ ಆದ ಶಿಸ್ತು, ಗೆಳೆಯರ ಸಹವಾಸ ಇವೆಲ್ಲವೂ ಅಪಾಯವನ್ನು ಹೆಚ್ಚಿಸುವ ಅಂಶಗಳಾಗಿ ಗುರುತಾಗಿವೆ. ಬ್ರಿಟನ್ನಿನ ಏಳು ವರ್ಷದ ಅವಳಿ ಮಕ್ಕಳ ಬಗ್ಗೆ ಶಿಕ್ಷಕರು ನೀಡಿದ ಮಾಹಿತಿಯನ್ನು ಆಧರಿಸಿ ವೈಡಿಂಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಷ್ಕರುಣ ಗುಣಗಳು ಕೂಡಿದ್ದಾಗ ಸಮಾಜವಿರೋಧಿ ನಡತೆಯ ಮೇಲೆ ಆನುವಂಶಿಕತೆಯ ಪ್ರಭಾವ ಶೇ. 81ರಷ್ಟೂ, ಅವು ಇಲ್ಲದಿದ್ದಾಗ ಶೇ. 30ರಷ್ಟೂ ಇರುವುದಾಗಿ ಅಂದಾಜಿಸಲಾಯಿತು. ಈ ಅಂಕಿಗಳು ಒಂದು ಜನಸಮೂಹದಲ್ಲಿ ಕಂಡುಬರುವ ವ್ಯತ್ಯಾಸವನ್ನು ವಿವರಿಸುತ್ತವೆಯೇ ಹೊರತು ಯಾವುದೇ ಒಂದು ಮಗುವಿನ ಹಣೆಬರಹವನ್ನಲ್ಲ.

ಸಂಶೋಧನೆಯ ಮಿತಿಗಳು

ಬಹುಪಾಲು ಅಧ್ಯಯನಗಳು ಒಂದು ಕಾಲಘಟ್ಟದಲ್ಲಿ ಒಮ್ಮೆ ಮಾತ್ರ ತೆಗೆದ ಚಿತ್ರಗಳನ್ನು ಅವಲಂಬಿಸಿವೆ. ಆದ್ದರಿಂದ ಮಿದುಳಿನ ವ್ಯತ್ಯಾಸದಿಂದ ನಡತೆ ಕೆಟ್ಟಿತೋ, ಹಿಂಸೆ ಮತ್ತು ನಿರ್ಲಕ್ಷ್ಯದ ನಡುವೆ ಬೆಳೆದುದರಿಂದ ಮಿದುಳು ಹಾಗಾಯಿತೋ ಎಂಬುದನ್ನು ಅವು ಬೇರ್ಪಡಿಸಿ ಹೇಳಲಾರವು. ಹಳೆಯ ಅಧ್ಯಯನಗಳು ಹೆಚ್ಚಾಗಿ ಕೆಲವೇ ಹುಡುಗರನ್ನು ಒಳಗೊಂಡಿದ್ದವು. ಹುಡುಗಿಯರನ್ನು ಕೇಂದ್ರವಾಗಿಟ್ಟುಕೊಂಡ ಯುರೋಪಿನ ಫೆಮ್‌ನ್ಯಾಟ್-ಸಿಡಿ ಯೋಜನೆಯು ಈ ಕೊರತೆಯನ್ನು ತುಂಬಲು ಯತ್ನಿಸಿತು. ಚಿತ್ರ ತೆಗೆಯುವಾಗ ಮಗು ಅಲುಗಾಡಿದರೂ ಸಂಪರ್ಕದ ಅಳತೆ ತಪ್ಪುತ್ತದೆ. ಚಂಚಲ ಸ್ವಭಾವದ ಮಕ್ಕಳಲ್ಲಿ ಇದು ಸಣ್ಣ ಸಮಸ್ಯೆಯಲ್ಲ. ಎರಡು ಗುಂಪುಗಳ ಅಳತೆಗಳು ಬಹುಮಟ್ಟಿಗೆ ಒಂದರ ಮೇಲೊಂದು ಹರಡಿಕೊಂಡಿರುವುದರಿಂದ, ಆರೋಗ್ಯವಂತ ಮಗುವಿನ ಮಿದುಳಿನಲ್ಲಿಯೂ ಇದೇ ಲಕ್ಷಣ ಇರಬಹುದು.

ಚಿಕಿತ್ಸೆ ಮತ್ತು ನೆರವು

ಚಿಕಿತ್ಸೆಯಲ್ಲಿ ಔಷಧಕ್ಕಿಂತ ಮಾನಸಿಕ ಮತ್ತು ಸಾಮಾಜಿಕ ನೆರವಿಗೆ ಪ್ರಾಶಸ್ತ್ಯವಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, 3ರಿಂದ 11 ವರ್ಷದ ಮಕ್ಕಳ ವಿಷಯದಲ್ಲಿ ತಂದೆತಾಯಿಯರಿಗೆ ತರಬೇತಿ, 9ರಿಂದ 14 ವರ್ಷದವರಿಗೆ ಗುಂಪು ತರಬೇತಿ, 11ರಿಂದ 17 ವರ್ಷದವರಿಗೆ ಮನೆ, ಶಾಲೆ ಮತ್ತು ನೆರೆಹೊರೆಯನ್ನು ಒಟ್ಟಾಗಿ ಒಳಗೊಳ್ಳುವ ಬಹುಮುಖ ಚಿಕಿತ್ಸೆ ಸೂಕ್ತ. ತೀವ್ರ ಆಕ್ರಮಣಶೀಲತೆ ಇದ್ದು, ಇತರ ನೆರವಿನಿಂದ ಫಲ ಕಾಣದಿದ್ದಾಗ ಮಾತ್ರ ತಜ್ಞರ ಮೇಲ್ವಿಚಾರಣೆಯಲ್ಲಿ ಅಲ್ಪಕಾಲದ ಔಷಧವನ್ನು ಪರಿಗಣಿಸಬಹುದು. ಜೊತೆಗೆ ಎಡಿಎಚ್‌ಡಿ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕಾಗುತ್ತದೆ.

ಅರಿವಿನ ಸಂಶೋಧನೆಗಳು ಇಲ್ಲಿ ಉಪಯೋಗಕ್ಕೆ ಬಂದಿವೆ. ಆಸ್ಟ್ರೇಲಿಯದ ಡೇವಿಡ್ ಹಾಸ್ ಮತ್ತು ಮಾರ್ಕ್ ಡ್ಯಾಡ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗುವನ್ನು ಸ್ವಲ್ಪ ಹೊತ್ತು ಬೇರೆಯಾಗಿ ಕೂರಿಸುವ ಶಿಸ್ತಿನ ಕ್ರಮಕ್ಕೆ ನಿಷ್ಕರುಣ ಗುಣಗಳಿರುವ ಹುಡುಗರು ಕಡಿಮೆ ಸ್ಪಂದಿಸಿದರು. ಆದರೆ ಒಳ್ಳೆಯ ನಡತೆಗೆ ಮೆಚ್ಚುಗೆ ಮತ್ತು ಬಹುಮಾನ ನೀಡುವ ಕ್ರಮ ಅವರಲ್ಲಿಯೂ ಫಲ ನೀಡಿತು. ಡ್ಯಾಡ್ಸ್ ಮತ್ತು ಸಂಗಡಿಗರ 2006ರ ಇನ್ನೊಂದು ಅಧ್ಯಯನದಲ್ಲಿ, ಎದುರಿನವರ ಕಣ್ಣುಗಳನ್ನು ನೋಡುವಂತೆ ಹೇಳಿದಷ್ಟಕ್ಕೇ ಇಂಥ ಹುಡುಗರು ಮುಖದಲ್ಲಿನ ಭಯವನ್ನು ಚೆನ್ನಾಗಿ ಗುರುತಿಸಿದರು. ಕೊರತೆಯೆಂದು ಕಾಣುವುದೆಲ್ಲ ಬದಲಾಗದ ಕೊರತೆಯಲ್ಲ ಎಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

ಕಾನೂನು

ಹದಿಹರೆಯದ ಮಿದುಳು ಪೂರ್ಣವಾಗಿ ಬಲಿತಿರುವುದಿಲ್ಲ ಎಂಬ ತಿಳಿವಳಿಕೆ ನ್ಯಾಯಾಲಯಗಳನ್ನೂ ತಲುಪಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ರೋಪರ್ ಮತ್ತು ಸಿಮನ್ಸ್ ಪ್ರಕರಣದಲ್ಲಿ, 18 ವರ್ಷಕ್ಕಿಂತ ಕೆಳಗಿನ ವಯಸ್ಸಿನಲ್ಲಿ ಮಾಡಿದ ಅಪರಾಧಕ್ಕೆ ಮರಣದಂಡನೆ ವಿಧಿಸುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ಆ ಪ್ರಕರಣದಲ್ಲಿ ವೈದ್ಯಕೀಯ ಮತ್ತು ಮನೋವೈಜ್ಞಾನಿಕ ಸಂಘಗಳು ಮಿದುಳಿನ ಬೆಳವಣಿಗೆಯ ಕುರಿತು ಅಭಿಪ್ರಾಯ ಸಲ್ಲಿಸಿದ್ದವು.

ಭಾರತದಲ್ಲಿ 2015ರ ಬಾಲನ್ಯಾಯ ಕಾಯ್ದೆಯು 2016ರ ಜನವರಿ 15ರಂದು ಜಾರಿಗೆ ಬಂದಿತು. 16ರಿಂದ 18 ವರ್ಷದೊಳಗಿನವರು ಹೇಯ ಅಪರಾಧದ ಆರೋಪಕ್ಕೆ ಒಳಗಾದಾಗ, ಅಪರಾಧ ಮಾಡುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ಅರಿಯುವ ಶಕ್ತಿ ಹಾಗೂ ಘಟನೆಯ ಸಂದರ್ಭ ಇವುಗಳ ಬಗ್ಗೆ ಬಾಲನ್ಯಾಯ ಮಂಡಳಿಯು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕೆಂದು ಕಾಯ್ದೆಯ 15ನೆಯ ಕಲಮು ಹೇಳುತ್ತದೆ. ಅದನ್ನು ಆಧರಿಸಿ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸುವ ಅವಕಾಶವಿದೆ. ಇದು ಸೂಕ್ಷ್ಮವಾದ ಹೊಣೆಯೆಂದೂ, ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2022ರ ಜುಲೈನಲ್ಲಿ ಸ್ಪಷ್ಟಪಡಿಸಿತು.

ಭಾರತ ಮತ್ತು ಕರ್ನಾಟಕದಲ್ಲಿ ಅಧ್ಯಯನ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳ ಸಮೀಕ್ಷೆಯೊಂದು 2005ರಲ್ಲಿ ಪ್ರಕಟವಾಯಿತು, ಅವರಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇರುವುದು ಕಂಡುಬಂದಿತು.

ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಸೇರಿ ಕೈಗೊಂಡ ಸಿ-ವೇದ ಎಂಬ ಭಾರತ–ಬ್ರಿಟನ್ ಜಂಟಿ ಯೋಜನೆಯು 6ರಿಂದ 23 ವರ್ಷದವರಲ್ಲಿ ದುರ್ನಡತೆ, ಅತಿಚಟುವಟಿಕೆ, ವ್ಯಸನ ಮುಂತಾದ ತೊಂದರೆಗಳ ಅಪಾಯವನ್ನು ಹೆಚ್ಚಿಸುವ ಅಂಶಗಳನ್ನು ಅಧ್ಯಯನ ಮಾಡುತ್ತದೆ. ಬೆಂಗಳೂರು ಮತ್ತು ಮೈಸೂರು ಸೇರಿದಂತೆ ದೇಶದ ಏಳು ಕೇಂದ್ರಗಳು ಇದರಲ್ಲಿ ಪಾಲ್ಗೊಂಡಿವೆ. ಪರಿಸರ, ಕುಟುಂಬ ಮತ್ತು ಅರಿವಿನ ಸಾಮರ್ಥ್ಯದ ಮಾಹಿತಿಯ ಜೊತೆಗೆ ಭಾಗವಹಿಸಿದವರಲ್ಲಿ ಕೆಲವರ ಮಿದುಳಿನ ಚಿತ್ರಗಳನ್ನೂ ಸಂಗ್ರಹಿಸಲಾಗಿದೆ. ಈ ಕ್ಷೇತ್ರದ ಬಹುತೇಕ ತೀರ್ಮಾನಗಳು ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳನ್ನು ಆಧರಿಸಿರುವುದರಿಂದ ಇಂಥ ಅಧ್ಯಯನಗಳಿಗೆ ಮಹತ್ವವಿದೆ. ಮಕ್ಕಳ ನಡತೆಯ ಬಗ್ಗೆ ಚಿಂತೆಯಿರುವ ಪೋಷಕರೂ ಶಿಕ್ಷಕರೂ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ನ್ನು ಸಂಪರ್ಕಿಸಬಹುದು.